ರಾಜ್ಯಶಾಸ್ತ್ರದ ಜೊತೆ ಬರವಣಿಗೆ: ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದು ಹೇಗೆ?

ರಾಜ್ಯಶಾಸ್ತ್ರವನ್ನು ಆಳವಾಗಿ ಓದಬೇಕು, ಬರವಣಿಗೆಯಲ್ಲೂ ಪಳಗಬೇಕು ಎಂದು ಬಯಸುವ ವಿದ್ಯಾರ್ಥಿಗೆ ಎರಡು ಮೂರು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಸಿಕ್ಕಾಗ, ಮೊದಲು ಕಣ್ಣು ಹೋಗುವುದು ಶ್ರೇಯಾಂಕ ಪಟ್ಟಿಯತ್ತ. ಆದರೆ ಅಂಥ ಪಟ್ಟಿಗಳು ಇಡೀ ಸಂಸ್ಥೆಯನ್ನೋ ಒಂದೊಂದು ವಿಷಯವನ್ನೋ ಬಿಡಿಬಿಡಿಯಾಗಿ ಅಳೆಯುತ್ತವೆ. ಎರಡು ವಿಭಾಗಗಳ ನಡುವೆ ಓಡಾಡುವವನಿಗೆ ಅಲ್ಲಿ ಏನು ದಕ್ಕುತ್ತದೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಅಲ್ಲಿ ನಾನು ಎಷ್ಟು ಬರೆಯುತ್ತೇನೆ, ಬರೆದದ್ದನ್ನು ಯಾರು ಕೂತು ಓದಿ ತಿದ್ದುತ್ತಾರೆ ಎಂಬ ಪ್ರಶ್ನೆಯಿಂದಲೇ ಆಯ್ಕೆ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ‘ಬರವಣಿಗೆ’ ಎಂದರೆ ತನಗೆ ಯಾವುದು ಎಂದು ವಿದ್ಯಾರ್ಥಿ ತೀರ್ಮಾನಿಸಿಕೊಳ್ಳಬೇಕು. ಕಥೆ, ಕವಿತೆ, ನಾಟಕಗಳ ಸೃಜನಶೀಲ ಬರವಣಿಗೆ ಒಂದು ಬಗೆ. ಪತ್ರಿಕಾ ವರದಿ ಮತ್ತು ಅಂಕಣ ಇನ್ನೊಂದು. ಸರ್ಕಾರಿ ನೀತಿಯನ್ನು ವಿಶ್ಲೇಷಿಸುವ ಟಿಪ್ಪಣಿ, ಭಾಷಣಗಳ ರಚನೆ ಮತ್ತೊಂದು. ಇವನ್ನು ಸಾಮಾನ್ಯವಾಗಿ ಬೇರೆ ಬೇರೆ ವಿಭಾಗಗಳು ಕಲಿಸುತ್ತವೆ. ಕಾದಂಬರಿ ಬರೆಯುವ ಆಸೆ ಹೊತ್ತವರು ಪತ್ರಿಕೋದ್ಯಮದ ತರಗತಿಯಲ್ಲಿ ಕೂತರೆ ಶಿಸ್ತು ಸಿಕ್ಕೀತು, ಬಯಸಿದ್ದು ಸಿಗುವುದು ಕಷ್ಟ.

ಎರಡನೆಯದಾಗಿ, ಪದವಿಯ ಹೆಸರನ್ನು ಅಕ್ಷರಶಃ ಓದಬೇಕು. ಬ್ರಿಟನ್ನಿನ ಜಂಟಿ ಪದವಿಗಳಲ್ಲಿ ಎರಡು ವಿಷಯಗಳ ನಡುವೆ ‘ಅಂಡ್’ ಇದ್ದರೆ ಎರಡಕ್ಕೂ ಹೆಚ್ಚುಕಡಿಮೆ ಸಮಪಾಲು. ‘ವಿತ್’ ಇದ್ದರೆ ಮೊದಲನೆಯದೇ ಮುಖ್ಯ, ಎರಡನೆಯದಕ್ಕೆ ಚಿಕ್ಕ ಪಾಲು. ಅಲ್ಲಿನ ಆನರ್ಸ್ ಪದವಿ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, 360 ಕ್ರೆಡಿಟ್. ಸ್ಕಾಟ್ಲೆಂಡಿನಲ್ಲಿ 4 ವರ್ಷ. ಹೀಗಾಗಿ ‘ಅಂಡ್’ ಅಥವಾ ‘ವಿತ್’ ಎಂಬ ಒಂದು ಪದದಿಂದಲೇ ಬರವಣಿಗೆಗೆ ಮೀಸಲಾದ ಹೊತ್ತು ಬಹಳಷ್ಟು ಬದಲಾಗಿಬಿಡಬಹುದು. ಅಮೆರಿಕದ 4 ವರ್ಷದ ಪದವಿಯಲ್ಲಿ ಮುಖ್ಯ ವಿಷಯವನ್ನು ಹೆಚ್ಚಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಘೋಷಿಸಿದರೆ ಸಾಕು. ಎರಡರಲ್ಲಿ ಯಾವುದು ಮುಖ್ಯವೆಂದು ಇನ್ನೂ ನಿರ್ಧರಿಸಲಾಗದವರಿಗೆ ಆ ವ್ಯವಸ್ಥೆ ಅನುಕೂಲ.

ಇನ್ನು ಪಠ್ಯಕ್ರಮ. ರಾಜಕೀಯ ಚಿಂತನೆ, ತೌಲನಿಕ ರಾಜಕಾರಣ, ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ಸಾರ್ವಜನಿಕ ನೀತಿ ಎಂಬ ಕವಲುಗಳಲ್ಲಿ ಪ್ರತಿ ವಿಭಾಗವೂ ಒಂದೆರಡರ ಕಡೆಗೆ ವಾಲಿರುತ್ತದೆ. ಕೆಲವು ಕಡೆ ಅಂಕಿಅಂಶ ವಿಶ್ಲೇಷಣೆ ಕಡ್ಡಾಯ. ಬರಹಗಾರರಾಗಬೇಕೆನ್ನುವವರು ಇದಕ್ಕೆ ಹೆದರುವುದುಂಟು, ಹೆದರಬೇಕಾಗಿಲ್ಲ: ಚುನಾವಣಾ ಸಮೀಕ್ಷೆಯೊಂದನ್ನು ಸ್ವತಃ ಓದಬಲ್ಲವರ ಲೇಖನಕ್ಕೆ ಬರುವ ತೂಕವೇ ಬೇರೆ. ಐಚ್ಛಿಕ ಪತ್ರಿಕೆಗಳ ಪಟ್ಟಿ ಉದ್ದವಿದೆಯೆಂದು ಮಾತ್ರ ಮರುಳಾಗಬಾರದು. ಕಲಿಸುವವರು ರಜೆಯಲ್ಲಿದ್ದರೆ, ವಿದ್ಯಾರ್ಥಿಗಳ ಸಂಖ್ಯೆ ಸಾಲದಿದ್ದರೆ ಕೆಲವು ಆ ವರ್ಷ ನಡೆಯುವುದೇ ಇಲ್ಲ. ಕಳೆದ ಎರಡು ವರ್ಷಗಳಲ್ಲಿ ಯಾವುವು ನಿಜವಾಗಿ ನಡೆದವು ಎಂದು ವಿಭಾಗಕ್ಕೇ ಪತ್ರ ಬರೆದು ಕೇಳಬೇಕು.

ಬರವಣಿಗೆಯ ಕಡೆ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಕಮ್ಮಟ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಬರಹಗಾರರ ಕಮ್ಮಟ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ತೆರೆದ ಸ್ನಾತಕೋತ್ತರ ತರಗತಿ ಈ ಪದ್ಧತಿಗೆ ಹೆಸರು ತಂದವು. ಒಬ್ಬರ ಹಸ್ತಪ್ರತಿಯನ್ನು ಉಳಿದವರೆಲ್ಲ ಮೊದಲೇ ಓದಿಕೊಂಡು ಬಂದು, ಅಧ್ಯಾಪಕರ ಸಮ್ಮುಖದಲ್ಲಿ ಸಾಲುಸಾಲಾಗಿ ಚರ್ಚಿಸುವುದು ಇದರ ಜೀವಾಳ. ಹತ್ತು ಹನ್ನೆರಡು ಮಂದಿಯ ಗುಂಪಿನಲ್ಲಿ ಪ್ರತಿಯೊಬ್ಬರ ಸರದಿ ಬೇಗ ಬೇಗ ಬರುತ್ತದೆ. ಮೂವತ್ತು ಮಂದಿ ಸೇರಿದರೆ ಒಂದು ಶೈಕ್ಷಣಿಕ ಅವಧಿಗೆ ಒಮ್ಮೆ ಬಂದರೂ ಹೆಚ್ಚು. ಆದ್ದರಿಂದ ಗುಂಪಿನ ಗಾತ್ರವೆಷ್ಟು, ಹೆಸರಾಂತ ಲೇಖಕರು ಪದವಿ ತರಗತಿಗೂ ಬರುತ್ತಾರೋ ಸ್ನಾತಕೋತ್ತರಕ್ಕಷ್ಟೇ ಬರುತ್ತಾರೋ, ಅಂಕದ ಜೊತೆ ಲಿಖಿತ ಟೀಕೆಯೂ ಸಿಗುತ್ತದೋ, ಕೊನೆಯ ವರ್ಷದ ಸಂಪ್ರಬಂಧದ ಬದಲು ಸೃಜನಶೀಲ ಕೃತಿಯನ್ನು ಒಪ್ಪಿಸಬಹುದೋ ಎಂಬುದನ್ನು ಸಂಕೋಚವಿಲ್ಲದೆ ವಿಚಾರಿಸಬೇಕು.

ಜಂಟಿ ಪದವಿಯ ನಿಜವಾದ ತೊಡಕು ಎರಡು ವಿಭಾಗಗಳ ನಡುವಿನ ಕಂದಕದಲ್ಲಿದೆ. ಒಂದೇ ಹೊತ್ತಿಗೆ ಎರಡು ತರಗತಿಗಳು ಬೀಳುವುದು, ಒಂದೇ ವಾರದಲ್ಲಿ ಎರಡು ಕಡೆಯ ಪ್ರಬಂಧಗಳನ್ನು ಸಲ್ಲಿಸಬೇಕಾಗುವುದು, ಕಷ್ಟ ಹೇಳಿಕೊಳ್ಳಲು ಹೋದರೆ ಎರಡೂ ಕಡೆಯವರು ಆ ಕಡೆಗೆ ಕೈತೋರಿಸುವುದು ನಡೆಯುತ್ತದೆ. ಇಬ್ಬರಿಗೂ ಹೊಣೆಯಾದ ಒಬ್ಬ ಮಾರ್ಗದರ್ಶಕರು ಇದ್ದಾರೆಯೇ ಎಂದು ಕೇಳಿ. ಹೆಸರು ಹೇಳಿದರೆ ಅದು ಒಳ್ಳೆಯ ಸೂಚನೆ.

ಶುಲ್ಕ, ವಸತಿ, ವಿದ್ಯಾರ್ಥಿವೇತನಗಳನ್ನು ಪದವಿಯ ಎಲ್ಲ ವರ್ಷಗಳಿಗೂ ಸೇರಿಸಿ ಲೆಕ್ಕ ಹಾಕಬೇಕು. ವೇತನ ಮೊದಲ ವರ್ಷಕ್ಕಷ್ಟೇ ಸೀಮಿತವೋ ಎಂಬುದನ್ನು ಪತ್ರದಲ್ಲಿ ಹುಡುಕಬೇಕು. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯಿದ್ದರೆ ಅದರ ಇತ್ತೀಚಿನ ಸಂಚಿಕೆಗಳನ್ನು ತರಿಸಿ ಓದುವುದು ಒಳ್ಳೆಯದು.

ಒಪ್ಪಿಗೆ ತಿಳಿಸುವ ಕೊನೆಯ ದಿನಕ್ಕೆ ಮುನ್ನ, ಅದೇ ಜೋಡಿ ವಿಷಯವನ್ನು ಓದುತ್ತಿರುವ ಕೊನೆಯ ವರ್ಷದ ಇಬ್ಬರೊಂದಿಗೆ ಮಾತನಾಡಿಸುವಂತೆ ಪ್ರತಿ ವಿಭಾಗವನ್ನೂ ಕೋರಿ. ಕಳೆದ ತಿಂಗಳು ಏನೇನು ಬರೆದಿರಿ, ಅದು ಎಷ್ಟು ದಿನಕ್ಕೆ ತಿದ್ದುಪಡಿಯಾಗಿ ಕೈಗೆ ಬಂತು ಎಂದು ಅವರನ್ನು ಕೇಳಿ, ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.