ಹಳೆಯ ಫ್ರೆಂಚ್ ನಾಣ್ಯ, ಕಾಗದ ಯಾವ ಆಳ್ವಿಕೆಯದು? ಪತ್ತೆಹಚ್ಚುವ ಬಗೆ

1789ರಿಂದ 1870ರೊಳಗೆ ಫ್ರಾನ್ಸ್ ರಾಜನನ್ನು ಇಳಿಸಿತು, ಗಣರಾಜ್ಯವಾಯಿತು, ಚಕ್ರವರ್ತಿಯನ್ನು ಕೂರಿಸಿಕೊಂಡಿತು, ಮತ್ತೆ ರಾಜರನ್ನು ಕರೆತಂದಿತು, ಮತ್ತೆ ಗಣರಾಜ್ಯ, ಮತ್ತೆ ಚಕ್ರವರ್ತಿ, ಕೊನೆಗೆ ಮೂರನೆಯ ಗಣರಾಜ್ಯ. ಈ ಪಟ್ಟಿಯನ್ನು ಉರು ಹೊಡೆದರೆ ಪರೀಕ್ಷೆಗೆ ಸಾಕು. ಆ ಕಾಲದ ಒಂದು ನಾಣ್ಯವೋ ಸರ್ಕಾರಿ ಕಾಗದವೋ ಎದುರಿಗಿದ್ದಾಗ ಸಾಲದು. ಆಗ ನೋಡಬೇಕಾದ್ದು ಮೂರು: ಆಳುವವನ ಬಿರುದು, ವರ್ಷ ಬರೆದಿರುವ ರೀತಿ, ನಾಣ್ಯವಾದರೆ ಅದರ ಹಿಂಬದಿ. ಮೂರೂ ಒಂದೇ ಮಾತು ಹೇಳದಿದ್ದರೆ ನಕಲಿ ಎಂದು ಎಸೆಯಬೇಡಿ. ಅಧಿಕಾರ ಕೈ ಬದಲಾದ ದಿನ ಒಂದು, ಹೆಸರು ಬದಲಾದ ದಿನ ಇನ್ನೊಂದು; ಟಂಕಸಾಲೆಯ ಅಚ್ಚು ಬದಲಾಗುವುದು ಅದಕ್ಕೂ ತಡವಾಗಿ.

ಮೊದಲು ಬಿರುದು

ರಾಜ ಎಂಬುದಕ್ಕೆ ಫ್ರೆಂಚಿನಲ್ಲಿ ‘ರ್ವಾ’. ನಾಣ್ಯದ ಮೇಲೆ ಆರ್, ಓ, ಐ ಎಂಬ ಮೂರಕ್ಷರ. ಅದರ ಮುಂದೆ ಏನಿದೆ ಎಂಬುದರಲ್ಲೇ ಇಡೀ ಜಗಳವಿದೆ. ‘ರ್ವಾ ದ ಫ್ರಾನ್ಸ್’ ಅಂದರೆ ಫ್ರಾನ್ಸಿನ ರಾಜ: ನಾಡು ಅವನದು, ಕೊಟ್ಟವನು ದೇವರು. ‘ರ್ವಾ ದೆ ಫ್ರಾನ್ಸೆ’ ಅಂದರೆ ಫ್ರೆಂಚರ ರಾಜ: ಅವನನ್ನು ಒಪ್ಪಿ ಕೂರಿಸಿದವರು ಜನ.

ಹದಿನಾರನೇ ಲೂಯಿಯ ಹಳೆಯ ನಾಣ್ಯಗಳಲ್ಲಿ ಬಿರುದು ಲ್ಯಾಟಿನ್‌ನಲ್ಲಿದೆ, ದೇವರ ಕೃಪೆಯಿಂದ ಫ್ರಾನ್ಸ್ ಮತ್ತು ನವಾರ್‌ಗಳ ರಾಜ ಎಂದು. ಸಂವಿಧಾನಕ್ಕೆ ಒಳಪಟ್ಟ ದೊರೆಯಾದ ಮೇಲೆ ಅದೇ ಮನುಷ್ಯನ ನಾಣ್ಯ ಫ್ರೆಂಚ್ ಮಾತಾಡತೊಡಗುತ್ತದೆ: ‘ಫ್ರೆಂಚರ ರಾಜ’. ಹಿಂಬದಿಯಲ್ಲಿ ‘ಕಾನೂನಿನ ಆಳ್ವಿಕೆ’ ಎಂಬ ಸಾಲು, ಜೊತೆಗೆ ‘ಸ್ವಾತಂತ್ರ್ಯದ 3ನೇ ವರ್ಷ’ ಅಥವಾ 4ನೇ ವರ್ಷ. 1814ರಲ್ಲಿ ಮರಳಿದ ಹದಿನೆಂಟನೇ ಲೂಯಿ, 1824ರಲ್ಲಿ ಪಟ್ಟಕ್ಕೆ ಬಂದ ಅವನ ತಮ್ಮ ಹತ್ತನೇ ಚಾರ್ಲ್ಸ್, ಇಬ್ಬರೂ ಮತ್ತೆ ‘ಫ್ರಾನ್ಸಿನ ರಾಜ’. 1830ರ ಜುಲೈ 27, 28, 29ರ ಬೀದಿಕಾಳಗದಿಂದ ಪಟ್ಟ ಪಡೆದ ಲೂಯಿ ಫಿಲಿಪ್ ‘ಫ್ರೆಂಚರ ರಾಜ’.

ಹಾಗಾದರೆ ಹದಿನಾರನೇ ಲೂಯಿಯ ಬಿರುದೂ ಲೂಯಿ ಫಿಲಿಪ್‌ನ ಬಿರುದೂ ಒಂದೇ ಆಯಿತಲ್ಲ? ಹೆಸರು ಸವೆದುಹೋದ ನಾಣ್ಯವಾದರೆ ಆ ಕೊನೆಯ ಪದವನ್ನು ಭೂತಗನ್ನಡಿ ಹಿಡಿದು ನೋಡಿ. ಹದಿನೆಂಟನೇ ಶತಮಾನದ ಕಾಗುಣಿತದಲ್ಲಿ ಅದರ ಕೊನೆಯ ಮೂರಕ್ಷರ ಓ, ಐ, ಎಸ್. 1830ರ ಹೊತ್ತಿಗೆ ಎ, ಐ, ಎಸ್. ಒಂದೇ ಅಕ್ಷರದಲ್ಲಿ ನಲವತ್ತು ವರ್ಷದ ಅಂತರ.

ಕಾಗದಗಳಲ್ಲಿ ಇನ್ನೊಂದು ಬಲೆ ಇದೆ. ಹದಿನೆಂಟನೇ ಲೂಯಿ 1814ರ ಜೂನ್ 4ರ ಸನ್ನದಿಗೆ, ಅಂದರೆ ತಾನು ಕೊಟ್ಟ ಸಂವಿಧಾನಕ್ಕೆ, ‘ನಮ್ಮ ಆಳ್ವಿಕೆಯ 19ನೇ ವರ್ಷ’ ಎಂದು ತಾರೀಖು ಹಾಕಿಸಿದ. ಸಿಂಹಾಸನದ ಮೇಲೆ ಕೂತು ಆಗಿನ್ನೂ ಕೆಲವೇ ವಾರ! ಅಣ್ಣ ಹದಿನಾರನೇ ಲೂಯಿಯ ಮಗ, ಅಂದರೆ ಪಟ್ಟವನ್ನೇ ಕಾಣದ ‘ಹದಿನೇಳನೇ ಲೂಯಿ’, 1795ರ ಜೂನ್ 8ರಂದು ಸೆರೆಯಲ್ಲಿ ಸತ್ತ ದಿನದಿಂದ ಅವನ ಲೆಕ್ಕ. ನಡುವಿನ ಗಣರಾಜ್ಯ, ಚಕ್ರಾಧಿಪತ್ಯ ಎಲ್ಲ ಆಗಿಯೇ ಇಲ್ಲ ಎಂಬ ಹಟ ಆ ಅಂಕಿಯೊಳಗಿದೆ. ಇಂಥ ಆಳ್ವಿಕೆಯ ವರ್ಷ ಕಂಡರೆ 1814ರಿಂದ ಎಣಿಸಬೇಡಿ, 1795ರಿಂದ ಎಣಿಸಿ.

ಗಣರಾಜ್ಯದ ತಾರೀಖನ್ನು ಬಿಡಿಸುವುದು

‘ವರ್ಷ 8, ಬ್ರುಮೇರ್ 18’ ಎಂಬಂಥ ತಾರೀಖು ಇದ್ದರೆ ಅದು ಮೊದಲ ಗಣರಾಜ್ಯದ್ದು ಅಥವಾ ಚಕ್ರಾಧಿಪತ್ಯದ ಮೊದಲ ಒಂದೂವರೆ ವರ್ಷದ್ದು. ತಿಂಗಳುಗಳು 12: ವಾಂದೆಮಿಯೇರ್, ಬ್ರುಮೇರ್, ಫ್ರಿಮೇರ್, ನಿವೋಜ್, ಪ್ಲುವಿಯೋಜ್, ವಾಂತೋಜ್, ಜೆರ್ಮಿನಾಲ್, ಫ್ಲೊರೆಯಾಲ್, ಪ್ರೆರಿಯಾಲ್, ಮೆಸಿದೋರ್, ತೆರ್ಮಿದೋರ್, ಫ್ರುಕ್ತಿದೋರ್. ಮೂರು ಮೂರಕ್ಕೆ ಒಂದು ಪ್ರಾಸ: ಶರತ್ಕಾಲಕ್ಕೆ ಏರ್, ಚಳಿಗೆ ಓಜ್, ವಸಂತಕ್ಕೆ ಆಲ್, ಬೇಸಿಗೆಗೆ ದೋರ್. ಪ್ರತಿ ತಿಂಗಳಿಗೂ 30 ದಿನ. ಕೊನೆಗೆ 5 ಹೆಚ್ಚುವರಿ ದಿನ, 3, 7, 11ನೇ ವರ್ಷಗಳಲ್ಲಿ 6. ಈ ಹೆಚ್ಚುವರಿ ದಿನಗಳನ್ನು 13ನೇ ತಿಂಗಳೆಂದು ಎಣಿಸಿದರೆ ಲೆಕ್ಕ ಸಲೀಸು.

ವರ್ಷದ ಅಂಕಿಗೆ 1791 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಬರುತ್ತದೆ. ಶುರುವಾದ ದಿನ: 1, 2, 3, 5, 6, 7ನೇ ವರ್ಷಗಳಿಗೆ ಸೆಪ್ಟೆಂಬರ್ 22, 4, 8, 9, 10, 11, 13, 14ಕ್ಕೆ ಸೆಪ್ಟೆಂಬರ್ 23, 12ಕ್ಕೆ ಮಾತ್ರ ಸೆಪ್ಟೆಂಬರ್ 24. ಇನ್ನು ತಿಂಗಳ ಸಂಖ್ಯೆಯಿಂದ 1 ಕಳೆದು 30ರಿಂದ ಗುಣಿಸಿ, ತಾರೀಖು ಕೂಡಿಸಿ, 1 ಕಳೆಯಿರಿ. ಅಷ್ಟು ದಿನ ಮುಂದೆ ಹೋಗಿ.

ಬ್ರುಮೇರ್ 18 ತೆಗೆದುಕೊಳ್ಳಿ. ಎರಡನೇ ತಿಂಗಳು, 30 ಮತ್ತು 18 ಸೇರಿ 48, ಒಂದು ಕಳೆದರೆ 47. 8ನೇ ವರ್ಷ ಶುರುವಾದದ್ದು 1799ರ ಸೆಪ್ಟೆಂಬರ್ 23ರಂದು. ಸೆಪ್ಟೆಂಬರ್ ಮುಗಿಯಲು 7 ದಿನ, ಅಕ್ಟೋಬರ್‌ಗೆ 31, ಉಳಿದದ್ದು 9. ನವೆಂಬರ್ 9. ನೆಪೋಲಿಯನ್ ಅಧಿಕಾರ ಕಿತ್ತುಕೊಂಡ ದಿನ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. 1800 ಅಧಿಕ ವರ್ಷವಲ್ಲ. ನಾಲ್ಕರಿಂದ ಭಾಗವಾಯಿತೆಂದು ಫೆಬ್ರವರಿಗೆ 29 ದಿನ ಕೊಟ್ಟರೆ 8ನೇ ವರ್ಷದ ಪ್ರೆರಿಯಾಲ್ 25ರ ಮರೆಂಗೊ ಯುದ್ಧ ಜೂನ್ 13ಕ್ಕೆ ಬಂದು ಕೂರುತ್ತದೆ. ನಡೆದದ್ದು ಜೂನ್ 14ರಂದು. ಎರಡನೆಯದು ಇನ್ನೂ ನಾಜೂಕಿನದು. ಈ ಪಂಚಾಂಗ ಜಾರಿಗೆ ಬಂದದ್ದು 1793ರ ಅಕ್ಟೋಬರ್‌ನಲ್ಲಿ, ಹಿಂದಿನಿಂದ ಅನ್ವಯವಾಗುವಂತೆ. ಅದಕ್ಕೂ ಮುಂಚೆ, 1793ರ ಜನವರಿ 1ರಿಂದಲೇ ಗಣರಾಜ್ಯದ 2ನೇ ವರ್ಷ ಎಂದು ಬರೆಯುವ ಆಜ್ಞೆಯಿತ್ತು. ಹಾಗಾಗಿ ‘1793, ಮಾರ್ಚ್, 2ನೇ ವರ್ಷ’ ಎಂದಿದ್ದರೆ ಅದು ಬರೆದವನ ಕೈತಪ್ಪಲ್ಲ.

1805ರ ಡಿಸೆಂಬರ್ 31ಕ್ಕೆ ಈ ಪಂಚಾಂಗ ಮುಗಿಯಿತು. 1871ರಲ್ಲಿ ಪ್ಯಾರಿಸನ್ನು ಕೈಗೆ ತೆಗೆದುಕೊಂಡ ಬಂಡಾಯ ಸರ್ಕಾರ, ಪ್ಯಾರಿಸ್ ಕಮ್ಯೂನ್, ಮಾತ್ರ ಕೆಲವು ವಾರ ಅದನ್ನು ಧೂಳು ಕೊಡವಿ ತೆಗೆದಿತ್ತು. ‘ವರ್ಷ 79’ ಎಂದು ಕಂಡರೆ ಅದು ಅವರದು.

ಚಕ್ರವರ್ತಿಯ ಬೆನ್ನಿಗೆ ಗಣರಾಜ್ಯ

ಹೆಚ್ಚು ಜನ ಎಡವುವುದು ಇಲ್ಲಿ. ಒಂದು ಕಡೆ ‘ನೆಪೋಲಿಯನ್ ಚಕ್ರವರ್ತಿ’, ಹಿಂಬದಿ ತಿರುಗಿಸಿದರೆ ‘ಫ್ರೆಂಚ್ ಗಣರಾಜ್ಯ’. ನಾಣ್ಯ ಅಸಲಿಯೇ. 1804ರ ಮೇ 18ರ ಸೆನೆಟ್ ನಿರ್ಣಯದ ಮೊದಲ ಸಾಲೇ ಗಣರಾಜ್ಯದ ಸರ್ಕಾರವನ್ನು ಒಬ್ಬ ಚಕ್ರವರ್ತಿಗೆ ಒಪ್ಪಿಸಲಾಗಿದೆ ಎಂದು ಹೇಳುತ್ತದೆ. ಗಣರಾಜ್ಯವನ್ನು ಯಾರೂ ರದ್ದು ಮಾಡಲಿಲ್ಲ. ಅದರ ಮೇಲೆ ಕಿರೀಟ ಇಟ್ಟರು, ಅಷ್ಟೆ. ಹಿಂಬದಿಯ ಆ ಮಾತು 1808ರವರೆಗೂ ಉಳಿಯಿತು. 1809ರಿಂದ ‘ಫ್ರೆಂಚ್ ಚಕ್ರಾಧಿಪತ್ಯ’. 12ನೇ ವರ್ಷದ ನಾಣ್ಯಗಳಲ್ಲಂತೂ ‘ಬೊನಪಾರ್ಟ್ ಪ್ರಥಮ ಕಾನ್ಸುಲ್’ (ಚಕ್ರವರ್ತಿಯಾಗುವ ಮುಂಚಿನ ನೆಪೋಲಿಯನ್‌ನ ಪದವಿ) ಎಂದೂ ಇರುತ್ತದೆ, ‘ನೆಪೋಲಿಯನ್ ಚಕ್ರವರ್ತಿ’ ಎಂದೂ ಇರುತ್ತದೆ, ಏಕೆಂದರೆ ಬಿರುದು ಬದಲಾದದ್ದು ಆ ವರ್ಷದ ನಡುವೆ.

ಅಸಲಿಯೋ ಎಂಬ ಅನುಮಾನವಿದ್ದರೆ ತೂಗಿ ನೋಡಿ. 1803ರ ಕಾನೂನಿನ ಪ್ರಕಾರ ಒಂದು ಫ್ರಾಂಕ್ ಅಂದರೆ 5 ಗ್ರಾಂ ಬೆಳ್ಳಿ, ಸಾವಿರಕ್ಕೆ 900 ಶುದ್ಧ. 5 ಫ್ರಾಂಕ್ ನಾಣ್ಯ 25 ಗ್ರಾಂ, ಅಗಲ 37 ಮಿಲಿಮೀಟರ್. ಬಳಸಿ ಸವೆದದ್ದು ತುಸು ಕಡಿಮೆ ತೂಗುವುದು ಸಹಜ. ಆಯಸ್ಕಾಂತಕ್ಕೆ ಅಂಟಿಕೊಂಡರೆ ಮಾತ್ರ ಮುಂದೆ ನೋಡುವ ಅಗತ್ಯವಿಲ್ಲ. ಆಳುವವರು ಎಷ್ಟೇ ಬದಲಾದರೂ ಈ ಬೆಳ್ಳಿಯ 5 ಫ್ರಾಂಕ್‌ನ ತೂಕವನ್ನು ಯಾರೂ ಮುಟ್ಟಲಿಲ್ಲ. ಆದ್ದರಿಂದ ತೂಕದಿಂದ ಆಳ್ವಿಕೆ ತಿಳಿಯುವುದಿಲ್ಲ.

ಇಸವಿಯೊಂದನ್ನೇ ನಂಬಬಾರದ ವರ್ಷಗಳಿವೆ: 1814, 1815, 1830, 1848, 1870. ಈ ಪ್ರತಿ ವರ್ಷವೂ ಎರಡು ಆಳ್ವಿಕೆಗಳ ನಾಣ್ಯ ಹೊರಬಂದಿದೆ. 1815ರಲ್ಲಿ ಗಡೀಪಾರಾಗಿದ್ದ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಮಾರ್ಚ್ 20ಕ್ಕೆ ಪ್ಯಾರಿಸ್ ಸೇರಿದ, ವಾಟರ್ಲೂ ಸೋತು ಜೂನ್ 22ಕ್ಕೆ ಪಟ್ಟ ಬಿಟ್ಟ. ಆ ಸಣ್ಣ ಅವಧಿಯಲ್ಲೂ ಅವನ ಹೆಸರಿನ ನಾಣ್ಯ ಬಿತ್ತು.

ಸೋದರಳಿಯನಲ್ಲ, ತಮ್ಮನ ಮಗ

ಮೂರನೇ ನೆಪೋಲಿಯನ್ ಮೊದಲನೆಯವನ ತಮ್ಮನ ಮಗ. ಮುಖ ನೋಡಿದರೆ ಸಾಕು: ಮೊದಲನೆಯವನು ನುಣ್ಣಗೆ ಬೋಳಿಸಿದ ಮುಖದವನು, ಇವನಿಗೆ ಮೀಸೆ ಮತ್ತು ಗಲ್ಲದ ತುದಿಯ ಗಡ್ಡ. 1848ರ ಡಿಸೆಂಬರ್ 10ರಂದು ಇವನು ಗಂಡಸರ ಮತದಿಂದ ಅಧ್ಯಕ್ಷನಾದ. ಅವಧಿ ನಾಲ್ಕು ವರ್ಷ, ಕೂಡಲೇ ಮರು ಆಯ್ಕೆಗೆ ಅವಕಾಶವಿಲ್ಲ. ಸಂವಿಧಾನ ತಿದ್ದಲು ಬೇಕಾದ ಮುಕ್ಕಾಲು ಪಾಲು ಮತ ಸಿಗಲಿಲ್ಲ. 1851ರ ಡಿಸೆಂಬರ್ 2ರಂದು ಶಾಸನಸಭೆಯನ್ನೇ ಮುಚ್ಚಿಸಿದ. ಸರಿಯಾಗಿ ಒಂದು ವರ್ಷದ ಮೇಲೆ ಚಕ್ರವರ್ತಿ. ಡಿಸೆಂಬರ್ 2 ದೊಡ್ಡಪ್ಪನ ಪಟ್ಟಾಭಿಷೇಕದ ದಿನ.

ನಡುವಿನ ಆ ವರ್ಷವೇ ಗುರುತಿನ ವರ್ಷ. 1852ರ ನಾಣ್ಯದಲ್ಲಿ ಇವನ ತಲೆ, ‘ಲೂಯಿ ನೆಪೋಲಿಯನ್ ಬೊನಪಾರ್ಟ್’ ಎಂಬ ಹೆಸರು, ಹಿಂಬದಿಯಲ್ಲಿ ಗಣರಾಜ್ಯ. ಅಂಚೆಚೀಟಿಯಲ್ಲೂ ಹಾಗೆಯೇ, 1853ರಿಂದ ಅದೇ ತಲೆಯ ಸುತ್ತ ಚಕ್ರಾಧಿಪತ್ಯ. ತಾಮ್ರಬಣ್ಣದ 10 ಸೆಂಟಿಮ್ ನಾಣ್ಯದಲ್ಲಿ ಇವನ ತಲೆಗೆ ಜರ್ಮನ್ನರ ಪ್ರಷ್ಯಾ ರಾಜ್ಯದ ಮೊನೆಶಿರಸ್ತ್ರಾಣ ಕಂಡರೆ ಅದು ಟಂಕಸಾಲೆಯ ಕೆಲಸವಲ್ಲ. 1870ರ ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಆ ಪ್ರಷ್ಯಾದವರಿಗೇ ಶರಣಾದವನನ್ನು ಅಣಕಿಸಲು ಜನ ಮಾಡಿಕೊಂಡ ಕೆತ್ತನೆ.

ಮೂರನೇ ಗಣರಾಜ್ಯದ 5 ಫ್ರಾಂಕ್‌ನಲ್ಲಿ ಗ್ರೀಕ್ ಪುರಾಣದ ಬಲಶಾಲಿ ಹರ್ಕ್ಯುಲಿಸ್, ಅವನ ಎಡಬಲಕ್ಕೆ ಸ್ವಾತಂತ್ರ್ಯ, ಸಮಾನತೆ ಎಂಬ ಇಬ್ಬರು ಹೆಂಗಸರು. ಚಿತ್ರ ನೋಡಿ ತೀರ್ಮಾನಿಸಬೇಡಿ. ಮೊದಲ, ಎರಡನೇ ಗಣರಾಜ್ಯಗಳದ್ದೂ ಇದೇ ಮೂವರು. ವರ್ಷ 4ರಿಂದ 11ರವರೆಗಿದ್ದರೆ ಮೊದಲನೆಯದು, 1848–49 ಎರಡನೆಯದು, 1870–78 ಮೂರನೆಯದು. 1871ರ ಪ್ಯಾರಿಸ್ ನಾಣ್ಯದಲ್ಲಿ ಪುಟ್ಟ ತ್ರಿಶೂಲದ ಗುರುತಿದ್ದರೆ ಅದು ಕಮ್ಯೂನ್ ಕಾಲದ್ದು.

1870ರಿಂದ 1875ರವರೆಗಿನ ‘ಗಣರಾಜ್ಯ’ ಎಂಬ ಪದವನ್ನು ಮಾತ್ರ ತೀರಾ ನೆಚ್ಚಬೇಡಿ. 1871ರ ಫೆಬ್ರವರಿಯಲ್ಲಿ ಆಯ್ಕೆಯಾದ ಸಭೆಯಲ್ಲಿ ರಾಜಪಕ್ಷದವರದೇ ಬಹುಮತ. ಹತ್ತನೇ ಚಾರ್ಲ್ಸ್‌ನ ಮೊಮ್ಮಗ ಷಾಂಬೋರ್ ಪಟ್ಟಕ್ಕೆ ಸಿದ್ಧನಿದ್ದ. ಮೂರು ಬಣ್ಣದ ಬಾವುಟ ಒಪ್ಪೆ, ಬಿಳಿಯದೇ ಬೇಕು ಎಂದು 1873ರಲ್ಲೂ ಪಟ್ಟು ಹಿಡಿದ. ಮಾತು ಅಲ್ಲಿಗೇ ಮುರಿಯಿತು. ಗಣರಾಜ್ಯದ ಅಧ್ಯಕ್ಷ ಎಂಬ ಮಾತು ಕಾನೂನಿನೊಳಗೆ ಗಟ್ಟಿಯಾಗಿ ಕೂತದ್ದು 1875ರ ಜನವರಿ 30ರಂದು, 352ರ ಎದುರು 353 ಮತಗಳಿಂದ. 1873ರ ಹರ್ಕ್ಯುಲಿಸ್ ನಾಣ್ಯದ ಮೇಲೆ ಅದಾಗಲೇ ಗಣರಾಜ್ಯ ಎಂದು ಬರೆದಾಗಿತ್ತು.