ನಡುಗುವ ಹಲಗೆ: ನೆಟ್ಟಗಲ್ಲ, ಮಂಡಿ ಬಗ್ಗಿಸಿ ನಿಲ್ಲಿ

ವೈಬ್ರೇಶನ್ ಪ್ಲೇಟ್ ಎಂದರೆ ವ್ಯಾಯಾಮಕ್ಕಾಗಿ ಮೇಲೆ ನಿಲ್ಲುವ, ವಿದ್ಯುತ್ತಿನಿಂದ ನಡುಗುವ ಹಲಗೆ. ಅದರ ಮೇಲೆ ಸುಮ್ಮನೆ ನಿಂತರೆ ಸಾಕು ಎಂದು ಮಾರುವವರು ಹೇಳುತ್ತಾರೆ. ಸಾಲದು. ಹಲಗೆ ನಡುಗಿದಂತೆಲ್ಲ ಸ್ನಾಯು ಹಿಗ್ಗಿ, ತಾನಾಗಿ ಬಿಗಿದುಕೊಳ್ಳುತ್ತದೆ. ಲಾಭವಿರುವುದು ಆ ಬಿಗಿತದಲ್ಲಿ. ಕಾಲು ಸೆಟೆದು ನಿಂತರೆ ಕಂಪನ ಬೆನ್ನಿನ ಮೂಲಕ ತಲೆಗೇರುತ್ತದೆ.

ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ಮೂತ್ರಪಿಂಡ ಅಥವಾ ಪಿತ್ತಕೋಶದಲ್ಲಿ ಕಲ್ಲಿರುವವರು, ಮೂರ್ಛೆರೋಗ ಇರುವವರು, ಈಚೆಗೆ ಎಲುಬು ಮುರಿದವರು ಹತ್ತಬಾರದು. ಉಳಿದವರೂ ವೈದ್ಯರನ್ನು ಕೇಳಿಯೇ ಹತ್ತಬೇಕು.

ಯಂತ್ರಕ್ಕೆ ಗಟ್ಟಿ ನೆಲ ಬೇಕು. ಶಿರಸಿ ಕಡೆಯ ಹಳೆ ಮನೆಗಳ ಮಾಳಿಗೆಯ ಹಲಗೆ ನೆಲ ಆಗದು. ಅದೂ ಜತೆಗೆ ಕುಣಿಯುತ್ತದೆ. ಮಳೆಗಾಲದಲ್ಲಿ ನೆಲ ಬೆವರಿದ್ದರೆ ಮೊದಲು ಒರೆಸಿ. ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್‌ಗೇ ಹಾಕಿ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಯಂತ್ರ ಮಗುಚಿ ಬೋಲ್ಟು, ರಬ್ಬರ್ ಪಾದ ನೋಡಿ.

ಬರಿಗಾಲಲ್ಲಿ ಹತ್ತಿ. ದಪ್ಪ ಅಟ್ಟೆಯ ಶೂ ಕಂಪನವನ್ನು ಹೀರಿಬಿಡುತ್ತದೆ. ಮಂಡಿ 20ರಿಂದ 30 ಡಿಗ್ರಿ ಬಗ್ಗಿರಲಿ, ಭಾರ ಪಾದದ ಮುಂಭಾಗಕ್ಕೆ ಬರಲಿ. ಹಲ್ಲು ಕಟಕಟಿಸಿದರೆ, ಕಣ್ಣು ಮಂಜಾದರೆ ಇನ್ನಷ್ಟು ಬಗ್ಗಿ. ತಕ್ಕಡಿಯಂತೆ ಎಡ-ಬಲ ತೂಗುವ ಹಲಗೆಯಾದರೆ ಪಾದ ನಡುವಿಗೆ ಹತ್ತಿರವಿಡಿ. ದೂರ ಸರಿದಷ್ಟೂ ಏರಿಳಿತ ಹೆಚ್ಚು.

ಮೇಲೆ-ಕೆಳಗೆ ಆಡುವ ಹಲಗೆಯಲ್ಲಿ ಮೊದಲ ವಾರಗಳಿಗೆ 20–25 ಹರ್ಟ್ಸ್ (ಸೆಕೆಂಡಿಗೆ 20–25 ಸಲ ನಡುಕ), ಒಟ್ಟು ಏರಿಳಿತ 2 ಮಿಲಿಮೀಟರ್ ಸಾಕು. 30 ಸೆಕೆಂಡ್ ನಿಲ್ಲಿ, ಒಂದು ನಿಮಿಷ ಇಳಿದು ಸುಧಾರಿಸಿಕೊಳ್ಳಿ. ಹೀಗೆ 5 ಸಲ, ವಾರಕ್ಕೆ 2–3 ದಿನ. ತಿಂಗಳಾದ ಮೇಲೆ ಅರೆಬೈಠಕ್ ಹೊಡೆಯುತ್ತ 45–60 ಸೆಕೆಂಡ್‌ಗೆ ಏರಿಸಬಹುದು. ಹರ್ಟ್ಸ್ ಏರಿಸುವಾಗ ಮಾತ್ರ ಜೋಕೆ: ಏರಿಳಿತ ಅಷ್ಟೇ ಇದ್ದು ಹರ್ಟ್ಸ್ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು. 2 ಮಿಲಿಮೀಟರ್ ಏರಿಳಿತಕ್ಕೆ 30 ಹರ್ಟ್ಸ್‌ನಲ್ಲಿ ವೇಗೋತ್ಕರ್ಷ ಗುರುತ್ವದ ಮೂರೂವರೆ ಪಟ್ಟು ಮೀರುತ್ತದೆ. ಪರದೆಯಲ್ಲಿ 1ರಿಂದ 99 ಎಂದು ಕಾಣುವುದು ಹರ್ಟ್ಸ್ ಅಲ್ಲ. ನಿಜವಾದ ಅಂಕಿ ಹೇಳಲಾಗದವರಿಂದ ಯಂತ್ರ ಕೊಳ್ಳದಿರುವುದೇ ಲೇಸು.

ಮೊದಮೊದಲು ಕಾಲು ತುರಿಸಿ ಕೆಂಪಾಗುವುದುಂಟು, ಗಾಬರಿ ಬೇಡ. ತಲೆ ಸುತ್ತಿದರೆ, ಮಂಡಿ ನೊಂದರೆ ಇಳಿಯಿರಿ. ಹೆಚ್ಚು ಹೊತ್ತು ನಿಂತರೆ ಹೆಚ್ಚು ಲಾಭ ಎಂಬ ಲೆಕ್ಕ ಇಲ್ಲಿ ನಡೆಯದು. ಯಾಂತ್ರಿಕ ದೋಣಿಯ ಎಂಜಿನ್ ಮೇಲೆ ದಿನವಿಡೀ ನಡುಗುವುದು ವ್ಯಾಯಾಮವಲ್ಲ, ಬೆನ್ನಿಗೆ ಪೆಟ್ಟು.

ವಯಸ್ಸಾದವರ ಕಾಲಬಲಕ್ಕೆ, ಸಮತೋಲಕ್ಕೆ ಇದರಿಂದ ಸಹಾಯವಾದೀತು. ಎಲುಬಿನ ಮಾತು ಬೇರೆ. ಟೊರಾಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ಒಂದು ವರ್ಷ ಮೆಲುಕಂಪನ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲುಬಿನ ಸಾಂದ್ರತೆ ಉಳಿಯಲು ಅದು ನೆರವಾಗಲಿಲ್ಲ. ಹಾಗಾಗಿ ಯಂತ್ರ ಬಂತೆಂದು ವೈದ್ಯರು ಬರೆದ ಮಾತ್ರೆ, ಮುಂಜಾನೆಯ ನಡಿಗೆ ಎರಡನ್ನೂ ಬಿಡಬೇಡಿ.