ಕೈ ಬಿಗಿ ಇದ್ದರೂ ಚೌತಿ ಜೋರು: ಚಕ್ಕುಲಿ ಹೀಗೆ ಮಾಡಿ

ಚೌತಿ ಹತ್ತಿರ ಬಂತೆಂದರೆ ಶಿರಸಿ ಪೇಟೆಯಲ್ಲಿ ಸ್ವೀಟ್ ಬಾಕ್ಸುಗಳ ರಾಶಿ. ದುಡ್ಡು ಕಡಿಮೆ ಇರುವ ವರ್ಷ ಆ ಕಡೆ ತಲೆ ಹಾಕಬೇಡಿ, ರಟ್ಟಿಗೂ ರಿಬ್ಬನ್ನಿಗೂ ನೀವೇ ದುಡ್ಡು ಕೊಡಬೇಕು. ಒಂದು ಡಬ್ಬಿ ಚಕ್ಕುಲಿ ಮಾಡಿಕೊಳ್ಳಿ. ಗಣಪತಿಗೂ ಆಯಿತು, ಬಂದವರಿಗೂ ಆಯಿತು, ನೆಂಟರಿಗೆ ಕೊಡಲಿಕ್ಕೂ ಆಯಿತು.

ನಾಲ್ಕು ಲೋಟ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ರೇಷನ್ ಅಕ್ಕಿ ಧಾರಾಳ ಆಗುತ್ತದೆ. ಅಕ್ಕಿ ತೊಳೆದು ಬಟ್ಟೆಯ ಮೇಲೆ ಹರವಿ. ಭಾದ್ರಪದದ ಬಿಸಿಲನ್ನು ನಂಬಬೇಡಿ, ಫ್ಯಾನಿನ ಕೆಳಗೇ ಒಣಗಲಿ. ಉದ್ದು ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಎರಡನ್ನೂ ಸೇರಿಸಿ ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿಯಿರಿ. ಪ್ಯಾಕೆಟ್ಟಿನ ಚಕ್ಕುಲಿ ಹಿಟ್ಟು ಮಾತ್ರ ತರಬೇಡಿ. ದುಡ್ಡೂ ಜಾಸ್ತಿ, ಉದ್ದಿನ ಪರಿಮಳವೂ ಇಲ್ಲ.

ಎಲ್ಲರೂ ಎಡವುವುದು ಹಿಟ್ಟು ಕಲಸುವಾಗ. ಒಂದು ಲೋಟ ಹಿಟ್ಟಿಗೆ ಒಂದು ದೊಡ್ಡ ಚಮಚ ಬೆಣ್ಣೆ ಸಾಕು. ಉಪ್ಪು, ಎಳ್ಳು, ಓಮ ಹಾಕಿ ಮೊದಲು ಒಣಹಿಟ್ಟಿಗೇ ಬೆಣ್ಣೆ ತಿಕ್ಕಿ. ನೀರು ಆಮೇಲೆ, ಸ್ವಲ್ಪ ಸ್ವಲ್ಪ. ಅಷ್ಟೂ ಹಿಟ್ಟನ್ನು ಒಟ್ಟಿಗೆ ಕಲಸಿಡುವವರೇ ಹೆಚ್ಚು. ಅರ್ಧ ಸುತ್ತುವಷ್ಟರಲ್ಲಿ ಉಳಿದದ್ದು ಒಣಗಿರುತ್ತದೆ, ಮತ್ತೆ ನೀರು ಹೊಯ್ಯುತ್ತಾರೆ, ಆ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಎರಡು ಹಿಡಿಯಷ್ಟೇ ಕಲಸಿ, ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಚೂರು ತೆಗೆದು ಹೊಸೆದು ನೋಡಿ. ಬಿರುಕು ಬಿಟ್ಟರೆ ನೀರು ಕಡಿಮೆ, ಕೈಗೆ ಮೆತ್ತಿದರೆ ಜಾಸ್ತಿ.

ಮೊದಲು ಒಂದೇ ಒಂದು ಕರಿದು ತಿನ್ನಿ. ಎಣ್ಣೆಯಲ್ಲಿ ಬಿಚ್ಚಿಕೊಂಡರೆ ಬೆಣ್ಣೆ ಹೆಚ್ಚಾಗಿದೆ, ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ. ಕಲ್ಲಿನಂತಾದರೆ ಇನ್ನಷ್ಟು ಬೆಣ್ಣೆ. ಈ ಒಂದನ್ನು ಬಿಟ್ಟು ಮುಂದೆ ಹೋದರೆ ಇಡೀ ಡಬ್ಬಿ ಹಾಳು.

ಚಕ್ಕುಲಿ ಒರಳಲ್ಲಿ ಒತ್ತಿದರೆ ಬೇಗ ಆಗುತ್ತದೆ, ನಿಜ. ಆದರೆ ಚೌತಿಗೆ ಕೈ ಚಕ್ಕುಲಿಯೇ ಆಗಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಹಿಟ್ಟಿನ ಎಳೆಯನ್ನು ತಿರುಚುತ್ತಾ ಮೂರು ಸುತ್ತು ಸುತ್ತಿ. ಒಬ್ಬರೇ ಕೂತರೆ ಸೊಂಟ ಹೋಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚಕ್ಕುಲಿ ಕಂಬಳ, ಅಂದರೆ ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಸುತ್ತುವುದು, ಇರುವುದು ಇದಕ್ಕೇ ಅಲ್ವಾ? ಇಂದು ನಿಮ್ಮ ಮನೆ, ನಾಳೆ ಪಕ್ಕದ ಮನೆ. ಗಂಡಸರನ್ನೂ ಕೂರಿಸಿ. ಕೂಲಿ ಇಲ್ಲ, ಚಾ ಮತ್ತು ಮುರಿದ ಚಕ್ಕುಲಿ ಸಾಕು.

ಸಣ್ಣ ಬಾಣಲೆ ಇಡಿ, ಎಣ್ಣೆ ಉಳಿಯುತ್ತದೆ. ಹಿಟ್ಟಿನ ಚೂರು ಹಾಕಿದ ಕೂಡಲೇ ಮೇಲೆ ಬರಬೇಕು. ನಂತರ ಉರಿ ತಗ್ಗಿಸಿ, ನೊರೆ ಅಡಗಿದಾಗ ತೆಗೆಯಿರಿ.

ಊಟದ ಚಿಂತೆ ಬೇಡ. ಹಿತ್ತಲಿನ ಕೆಸುವಿನ ಪತ್ರೊಡೆ, ಅರಿಶಿನ ಎಲೆಯ ಕಡುಬು, ಮೊಗೆಕಾಯಿ ಹುಳಿ, ಪಂಚಕಜ್ಜಾಯ. ಇಪ್ಪತ್ತೊಂದು ಬಗೆ ಮಾಡಿ ಸಾಲ ಮಾಡಿಕೊಳ್ಳಿ ಎಂದು ಗಣಪತಿ ಕೇಳಿಲ್ಲ.

ಇನ್ನು ಕೊಡುವುದು. ತೊಳೆದು ಒಣಗಿಸಿದ ಹಾರ್ಲಿಕ್ಸ್ ಬಾಟಲಿ, ಬಿಸ್ಕತ್ತಿನ ಡಬ್ಬಿ ಎರಡೂ ನಡೆಯುತ್ತವೆ. ಜೊತೆಗೆ ಮನೆಯ ಉಪ್ಪಿನಕಾಯಿಯ ಅಪ್ಪೆಮಿಡಿ (ಮಾವಿನ ಮಿಡಿ) ನಾಲ್ಕು ಇಟ್ಟರೆ ಯಾವ ಸ್ವೀಟ್ ಬಾಕ್ಸೂ ಬೇಡ. ಚಕ್ಕುಲಿ ಪೂರ್ತಿ ಆರಿದ ಮೇಲೆಯೇ ತುಂಬಿ. ಕಾರವಾರ, ಅಂಕೋಲಾದ ನೆಂಟರಿಗೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಬೇಡಿ, ಕಡಲ ಗಾಳಿಗೆ ಮರುದಿನವೇ ಮೆತ್ತಗಾಗುತ್ತದೆ. ಮೆತ್ತಗಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಆರಿಸಲು ಹೇಳಿ.